ಉತ್ತರ ಬೇಡ, ಉತ್ತರ ಒಂದೇನಾ ಅಂತ ಹೇಳಿ

(ಶಿವಮೊಗ್ಗದಲ್ಲಿ ಪದವಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಈ ಮಳೆಯಲ್ಲಿ ಬೆಳಗಿನ ಬಸ್ಸು ಹಿಡಿದು ಬಂದವರು ಇದ್ದೀರಿ. ಸಂಜೆ ವಾಪಸ್ ಹೋಗಬೇಕು. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಡೇಟಾ ಸಫಿಷಿಯನ್ಸಿ ಲೆಕ್ಕದಲ್ಲಿ ಒಂದು ಪ್ರಶ್ನೆ ಇರುತ್ತದೆ. ಅದರ ಕೆಳಗೆ ಎರಡು ಹೇಳಿಕೆ ಇರುತ್ತವೆ. ಪ್ರಶ್ನೆಗೆ ಉತ್ತರ ಎಷ್ಟು ಅಂತ ಕೇಳುವುದಿಲ್ಲ. ಉತ್ತರ ಹೇಳಲು ಕೊಟ್ಟಿರುವ ಮಾಹಿತಿ ಸಾಕಾ, ಸಾಲದಾ ಅಂತ ಮಾತ್ರ ಕೇಳುತ್ತಾರೆ. ನಿಮ್ಮಲ್ಲಿ ಕೆಲವರು ಎಂಬಿಎಗಾಗಿ ಜಿಮ್ಯಾಟ್ ಬರೆಯುವವರು. ಅಲ್ಲಿ ಇದು ಮೊದಲು ಗಣಿತದ ಭಾಗದಲ್ಲಿತ್ತು. 2023ರ ನವೆಂಬರ್‌ನಲ್ಲಿ ಪರೀಕ್ಷೆಯ ಹೊಸ ರೂಪ ಬಂದ ಮೇಲೆ ಡೇಟಾ ಇನ್‌ಸೈಟ್ಸ್ ಅನ್ನುವ ಭಾಗಕ್ಕೆ ಹೋಗಿದೆ. ಆ ಭಾಗದಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ. ಯುಪಿಎಸ್‌ಸಿಗೆ ಓದುವವರಿಗೆ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ, ಅಂದರೆ ಸಿಸ್ಯಾಟ್ ಇದೆ. ಅದರ ಸಿಲಬಸ್‌ನಲ್ಲೇ ಡೇಟಾ ಸಫಿಷಿಯನ್ಸಿ ಅಂತ ಹೆಸರು ಹಿಡಿದು ಬರೆದಿದ್ದಾರೆ, ಹತ್ತನೇ ತರಗತಿ ಮಟ್ಟದ್ದು ಅಂತಲೂ ಹೇಳಿದ್ದಾರೆ. ಬ್ಯಾಂಕ್ ಪರೀಕ್ಷೆಗಳಲ್ಲಂತೂ ಎರಡರ ಬದಲು ಮೂರು ಹೇಳಿಕೆ ಇರುವ ಲೆಕ್ಕಗಳೂ ಬರುತ್ತವೆ.

ಗಣಿತ ಹತ್ತನೇ ತರಗತಿಯದೇ. ಆದರೂ ಲೆಕ್ಕದಲ್ಲಿ ಚುರುಕಾಗಿರುವ ಹುಡುಗ ಹುಡುಗಿಯರೇ ಇಲ್ಲಿ ಜಾಸ್ತಿ ಅಂಕ ಕಳೆದುಕೊಳ್ಳುತ್ತಾರೆ. ಯಾಕೆ? ನಮ್ಮ ಶಾಲೆಯ ಲೆಕ್ಕದಲ್ಲಿ ಎಷ್ಟು ಬೇಕೋ ಅಷ್ಟೇ ಮಾಹಿತಿ ಕೊಟ್ಟಿರುತ್ತಾರೆ. ಕೊಟ್ಟದ್ದನ್ನೆಲ್ಲ ಬಳಸಬೇಕು, ಕೊನೆಯವರೆಗೂ ಬಿಡಿಸಬೇಕು, ಹಂತ ಹಂತಕ್ಕೂ ಅಂಕ. ಹತ್ತು ಹನ್ನೆರಡು ವರ್ಷ ಇದನ್ನೇ ಮಾಡಿದ್ದೇವೆ. ಈ ಪರೀಕ್ಷೆ ಆ ಅಭ್ಯಾಸವನ್ನು ಚೆನ್ನಾಗಿ ಬಲ್ಲದು, ಅಲ್ಲೇ ಹಿಡಿಯುತ್ತದೆ.

ನಾನು ಇವತ್ತು ಒಂದೇ ಮಾತನ್ನು ನಿಮ್ಮ ತಲೆಗೆ ಹಾಕಬೇಕು ಅಂತ ಬಂದಿದ್ದೇನೆ. ಪ್ರತಿ ಹೇಳಿಕೆ ಓದಿದ ಮೇಲೆ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ್ದು "ಉತ್ತರ ಏನು" ಅಂತ ಅಲ್ಲ. "ಇನ್ನೂ ಎಷ್ಟು ಉತ್ತರಗಳು ಉಳಿದಿವೆ" ಅಂತ. ಒಂದೇ ಉಳಿದರೆ ಸಾಕು. ಎರಡು ಉಳಿದರೂ ಸಾಲದು. ಮಿಕ್ಕಿದ್ದೆಲ್ಲ ಇದರಿಂದಲೇ ಬರುತ್ತದೆ.

ಮೊದಲು ಆಯ್ಕೆಗಳು. ಜಿಮ್ಯಾಟ್‌ನಲ್ಲಿ ಐದು ಆಯ್ಕೆ, ಅವು ಯಾವತ್ತೂ ಬದಲಾಗುವುದಿಲ್ಲ. ಮೊದಲ ಹೇಳಿಕೆ ಒಂದೇ ಸಾಕು, ಎರಡನೆಯದು ಒಂದೇ ಸಾಲದು ಅಂದರೆ ಎ. ಅದರ ಉಲ್ಟಾ ಆದರೆ ಬಿ. ಬೇರೆ ಬೇರೆಯಾಗಿ ಸಾಲದು, ಎರಡೂ ಸೇರಿದರೆ ಸಾಕು ಅಂದರೆ ಸಿ. ಎರಡರಲ್ಲಿ ಯಾವುದನ್ನು ತೆಗೆದುಕೊಂಡರೂ ಅದೊಂದೇ ಸಾಕು ಅಂದರೆ ಡಿ. ಎರಡೂ ಸೇರಿದರೂ ಸಾಲದು ಅಂದರೆ ಇ. ಇದನ್ನು ಬಾಯಿಪಾಠ ಮಾಡಿಕೊಂಡೇ ಹೋಗಿ, ಅಲ್ಲಿ ಕೂತು ಓದುವುದು ಸುಮ್ನೆ ಸಮಯ ಹಾಳು. ಆದರೆ ಬ್ಯಾಂಕ್ ಪರೀಕ್ಷೆಯಲ್ಲಿ, ಸಿಸ್ಯಾಟ್‌ನಲ್ಲಿ ಆಯ್ಕೆಗಳ ಕ್ರಮವೂ ಮಾತೂ ಬೇರೆ ಇರುತ್ತವೆ. ಅಲ್ಲಿ ಕಡ್ಡಾಯವಾಗಿ ಓದಬೇಕು.

ಈಗ ಒಂದು ಲೆಕ್ಕ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಬೆಳಗ್ಗೆ ಎದ್ದ ಕೂಡಲೇ ಲಿಂಗನಮಕ್ಕಿ ಎಷ್ಟಾಯ್ತು, ಭದ್ರಾ ಎಷ್ಟಾಯ್ತು ಅಂತ ನೋಡುವವರು ಎಷ್ಟೋ ಜನ. ಈ ಎರಡು ಜಲಾಶಯ ತುಂಬುವ ಮಟ್ಟ, 1819 ಅಡಿ, 186 ಅಡಿ ಅನ್ನುವ ಅಂಕಿಗಳು ಮಕ್ಕಳಿಗೂ ಗೊತ್ತು. ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಅಂತ ಪತ್ರಿಕೆಯಲ್ಲಿ ಇರುತ್ತದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡ್. ಹಾಗಾಗಿ ಸುಮಾರು 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ.

ಯಾವುದೋ ಒಂದು ಜಲಾಶಯ ಅಂದುಕೊಳ್ಳಿ. ಆವಿಯಾಗುವ ನೀರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಡೀ ದಿನ ಹರಿವು ಒಂದೇ ಸಮ ಇದೆ.

ಪ್ರಶ್ನೆ: ಈ ದಿನದ ಕೊನೆಗೆ ಜಲಾಶಯದಲ್ಲಿ ನೀರು ಹೆಚ್ಚಿರುತ್ತದೆಯೇ?
ಹೇಳಿಕೆ 1: ಒಳಹರಿವು 40,000 ಕ್ಯುಸೆಕ್.
ಹೇಳಿಕೆ 2: ಹೊರಹರಿವು ಒಳಹರಿವಿನ ಅರ್ಧಕ್ಕಿಂತ ಕಡಿಮೆ.

ಬೋರ್ಡಿನ ಮೇಲೆ ಬರೆದ ಕೂಡಲೇ ಅರ್ಧ ಜನ "ಸಿ" ಅಂದಿರಿ. ಎರಡನ್ನೂ ಸೇರಿಸಿದರೆ ಉತ್ತರ ಬರುತ್ತದೆ, ನಿಜ. ಆದರೆ ಮೊದಲನೆಯದನ್ನು ಪೂರ್ತಿ ಮರೆತು ಎರಡನೆಯದನ್ನು ಮಾತ್ರ ನೋಡಿ. ಹೋಗುವ ನೀರು ಬರುವ ನೀರಿನ ಅರ್ಧಕ್ಕಿಂತ ಕಡಿಮೆ. ಅಂದ ಮೇಲೆ ಬರುವುದು ಎಷ್ಟೇ ಇರಲಿ, ನೀರು ಹೆಚ್ಚಲೇಬೇಕು. 40,000 ಅನ್ನುವ ಅಂಕಿ ಇಲ್ಲಿ ಬೇಕಾಗಿಲ್ಲ. ಉತ್ತರ ಬಿ.

ಹೇಳಿಕೆಗಳನ್ನು ಹಾಗೇ ಇಟ್ಟು ಪ್ರಶ್ನೆ ಮಾತ್ರ ಬದಲಿಸೋಣ. ಜಲಾಶಯದಲ್ಲಿ ಎಷ್ಟು ಟಿಎಂಸಿ ನೀರು ಹೆಚ್ಚುತ್ತದೆ? ಈಗ ಎರಡೂ ಸೇರಿಸಿ. ಒಳಗೆ ಬರುವುದು ದಿನಕ್ಕೆ 3.456 ಟಿಎಂಸಿ. ಹೊರಗೆ ಹೋಗುವುದು ಅದರ ಅರ್ಧಕ್ಕಿಂತ ಕಡಿಮೆ, ಅಂದರೆ 1.728ಕ್ಕಿಂತ ಕಡಿಮೆ. ಎಷ್ಟು ಕಡಿಮೆ? ಹೇಳಿಲ್ಲ. ಗೇಟು ಪೂರ್ತಿ ಮುಚ್ಚಿದ್ದರೆ 3.456 ಹೆಚ್ಚುತ್ತದೆ. 10,000 ಕ್ಯುಸೆಕ್ ಬಿಟ್ಟಿದ್ದರೆ 2.592. ಎರಡು ಉತ್ತರ ಸಿಕ್ಕಿತು, ಅಲ್ಲಿಗೆ ಮುಗಿಯಿತು. ಉತ್ತರ ಇ.

ಇನ್ನೊಮ್ಮೆ ಬದಲಿಸಿ. ಜಲಾಶಯದಲ್ಲಿ 1.5 ಟಿಎಂಸಿಗಿಂತ ಜಾಸ್ತಿ ನೀರು ಸೇರುತ್ತದೆಯೇ? ಮೊದಲ ಹೇಳಿಕೆ ಒಂದೇ ಇದ್ದರೆ ಹೊರಹರಿವು ಗೊತ್ತಿಲ್ಲ. ಎರಡನೆಯದು ಒಂದೇ ಇದ್ದರೆ ಒಳಹರಿವು 100 ಕ್ಯುಸೆಕ್ ಆಗಿರಬಹುದು, ಲಕ್ಷವೂ ಆಗಿರಬಹುದು. ಎರಡೂ ಸೇರಿದರೆ? ಉಳಿಯುವ ನೀರು 1.728ಕ್ಕಿಂತ ಜಾಸ್ತಿಯೇ. ನಿಖರವಾಗಿ ಎಷ್ಟು ಅಂತ ಈಗಲೂ ಗೊತ್ತಿಲ್ಲ. ಆದರೆ ಪ್ರಶ್ನೆಗೆ "ಹೌದು" ಅನ್ನುವ ಒಂದೇ ಉತ್ತರ ಉಳಿದಿದೆ. ಉತ್ತರ ಸಿ.

ಅವೇ ಎರಡು ಹೇಳಿಕೆ. ಮೂರು ಪ್ರಶ್ನೆ, ಮೂರು ಬೇರೆ ಉತ್ತರ. ಮಾಹಿತಿ ಸಾಕಾ ಅನ್ನುವುದು ಮಾಹಿತಿಯನ್ನು ನೋಡಿ ಹೇಳುವ ಮಾತಲ್ಲ, ಪ್ರಶ್ನೆಯನ್ನು ನೋಡಿ ಹೇಳುವ ಮಾತು. ಹಾಗಾಗಿ ಹೇಳಿಕೆಗಳ ಕಡೆ ಕಣ್ಣು ಹಾಯಿಸುವ ಮೊದಲೇ ಪ್ರಶ್ನೆಯ ಮೇಲೆ ಸ್ವಲ್ಪ ಹೊತ್ತು ಕೂರಿ. ಸಂಖ್ಯೆ ಕೇಳಿದ್ದಾರಾ, ಹೌದು ಇಲ್ಲ ಕೇಳಿದ್ದಾರಾ? ಇದನ್ನು ಹೇಳಲು ನನಗೆ ಕಡಿಮೆ ಅಂದರೆ ಏನು ಗೊತ್ತಿರಬೇಕು? ಪರೀಕ್ಷೆಯ ಗಡಿಬಿಡಿಯಲ್ಲಿ ಈ ಹೊತ್ತು ದಂಡ ಅನ್ನಿಸುತ್ತದೆ. ಖಂಡಿತ ದಂಡ ಅಲ್ಲ.

"ಹೌದು, ಇಲ್ಲ" ಪ್ರಶ್ನೆಯಲ್ಲಿ ಇನ್ನೊಂದು ಕಡೆ ಎಡವುತ್ತೇವೆ. ಒಂದು ಸಂಖ್ಯೆ ಅವಿಭಾಜ್ಯವೇ ಅಂತ ಪ್ರಶ್ನೆ. ಮೊದಲ ಹೇಳಿಕೆ, ಅದು 24ರಿಂದ 28ರವರೆಗಿನ ಒಂದು ಪೂರ್ಣಾಂಕ. ಎರಡನೆಯದು, ಅದು ಬೆಸ ಸಂಖ್ಯೆ. 24, 25, 26, 27, 28 ಇವುಗಳಲ್ಲಿ ಒಂದೂ ಅವಿಭಾಜ್ಯ ಅಲ್ಲ. ಹಾಗಾದರೆ ಉತ್ತರ "ಇಲ್ಲ" ಅಂತ ಖಚಿತ. ಖಚಿತವಾದ "ಇಲ್ಲ" ಕೂಡ ಪೂರ್ತಿ ಉತ್ತರವೇ. ಮೊದಲ ಹೇಳಿಕೆ ಸಾಕು. ಬೆಸ ಸಂಖ್ಯೆ ಅಂದರೆ 7 ಆಗಬಹುದು, 9 ಆಗಬಹುದು. ಅದು ಸಾಲದು. ಉತ್ತರ ಎ. "ಇಲ್ಲ" ಬಂತು ಅಂತ "ಸಾಲದು" ಅಂತ ಗುರುತು ಹಾಕುವುದು ಎಷ್ಟು ಸಾಮಾನ್ಯ ತಪ್ಪು ಅಂದರೆ, ಅಭ್ಯಾಸ ಶುರು ಮಾಡಿದ ಪ್ರತಿಯೊಬ್ಬರೂ ಇದನ್ನು ದಾಟಿಯೇ ಹೋಗುತ್ತಾರೆ. ಈಗಲೇ ದಾಟಿಬಿಡಿ.

ಇನ್ನು ಎರಡು ಸಮೀಕರಣದ ಮೋಹ. ಎರಡು ಗೊತ್ತಿಲ್ಲದ ಸಂಖ್ಯೆ ಇದ್ದರೆ ಎರಡು ಸಮೀಕರಣ ಬೇಕು ಅಂತ ಕಲಿತಿದ್ದೇವೆ. ಹೋಟೆಲಿನಲ್ಲಿ ಕಾಫಿಗೆ 15 ರೂಪಾಯಿ, ದೋಸೆಗೆ 40 ರೂಪಾಯಿ ಅಂದುಕೊಳ್ಳಿ. ಗೆಳೆಯರ ಗುಂಪೊಂದು ಇವೆರಡನ್ನು ಮಾತ್ರ ತೆಗೆದುಕೊಂಡಿತು. ಎಷ್ಟು ಕಾಫಿ? ಮೊದಲ ಹೇಳಿಕೆ, ಕಾಫಿ ದೋಸೆ ಎಲ್ಲ ಸೇರಿ 7. ಎರಡನೆಯದು, ಬಿಲ್ಲು 155 ರೂಪಾಯಿ.

ಎರಡನೆಯದನ್ನು ಒಂದೇ ನೋಡಿ. ದೋಸೆ ಸೊನ್ನೆಯಿಂದ ಮೂರರವರೆಗೆ ಇರಬಹುದು, ನಾಲ್ಕಾದರೆ 160 ಆಗಿಬಿಡುತ್ತದೆ. ದೋಸೆ ಇಲ್ಲದಿದ್ದರೆ 155 ಉಳಿಯಿತು, 15ರಿಂದ ಭಾಗ ಹೋಗುವುದಿಲ್ಲ. ಒಂದು ದೋಸೆಗೆ 115 ಉಳಿಯುತ್ತದೆ, ಹೋಗುವುದಿಲ್ಲ. ಎರಡಕ್ಕೆ 75, ಐದು ಕಾಫಿ. ಮೂರಕ್ಕೆ 35, ಹೋಗುವುದಿಲ್ಲ. ಒಂದೇ ದಾರಿ. ಎರಡನೇ ಹೇಳಿಕೆಯೇ ಸಾಕು, ಉತ್ತರ ಬಿ. ಅರ್ಧ ದೋಸೆ ಮಾರುವುದಿಲ್ಲ ಅನ್ನುವ ಮಾಹಿತಿಯನ್ನು ಯಾರೂ ಬರೆದಿಲ್ಲ, ಆದರೂ ಅದು ಲೆಕ್ಕದ ಒಳಗೆ ಇದೆ.

ಹಾಗಂತ ಈ ತರಹದ ಲೆಕ್ಕ ಕಂಡ ಕೂಡಲೇ ಬಿ ಅನ್ನಬೇಡಿ. ಬಿಲ್ಲನ್ನು 175 ಮಾಡಿ. ಒಂದು ದೋಸೆ ಒಂಬತ್ತು ಕಾಫಿ ಆದರೂ 175. ನಾಲ್ಕು ದೋಸೆ ಒಂದು ಕಾಫಿ ಆದರೂ 175. ಈಗ ಬಿಲ್ಲು ಒಂದೇ ಸಾಲದು, ಒಟ್ಟು ಎಷ್ಟು ಅನ್ನುವುದೂ ಬೇಕು. 20 ರೂಪಾಯಿಯ ವ್ಯತ್ಯಾಸಕ್ಕೆ ಉತ್ತರವೇ ಬೇರೆ. ವಸ್ತುಗಳ ಎಣಿಕೆ ಬಂದಾಗ ಕೈಯಾರೆ ಪರೀಕ್ಷೆ ಮಾಡಿ ನೋಡುವುದೇ ದಾರಿ, ಸೂತ್ರ ಇಲ್ಲಿ ಕೈ ಕೊಡುತ್ತದೆ.

ಇದರ ಎದುರು ದಿಕ್ಕಿನ ತಪ್ಪೂ ಇದೆ. ಬೇಕಾಗಿಲ್ಲದ್ದನ್ನು ಬೇಕು ಅಂದುಕೊಳ್ಳುವುದು. ಇಲ್ಲಿ ಅಡಿಕೆ ಮನೆಯವರು ಜಾಸ್ತಿ ಇದ್ದೀರಿ, ಹಾಗಾಗಿ ಅಡಿಕೆಯದ್ದೇ ಲೆಕ್ಕ. ಒಬ್ಬರು ರಾಶಿ, ಗೊರಬಲು ಅನ್ನುವ ಎರಡು ತರಹದ ಅಡಿಕೆ ಮಾರಿದರು. ಒಟ್ಟಾರೆ ಕ್ವಿಂಟಲ್‌ಗೆ ಸರಾಸರಿ ಎಷ್ಟು ಸಿಕ್ಕಿತು? ಮೊದಲ ಹೇಳಿಕೆ, ರಾಶಿಗೆ ಕ್ವಿಂಟಲ್‌ಗೆ 50,000, ಗೊರಬಲಿಗೆ 35,000. ಎರಡನೆಯದು, ರಾಶಿಯ ತೂಕ ಗೊರಬಲಿನ ಮೂರು ಪಟ್ಟು. ಧಾರಣೆ ಲೆಕ್ಕಕ್ಕೆ ಹಾಕಿದ್ದು, ಇವತ್ತಿನ ಮಾರ್ಕೆಟ್ ರೇಟ್ ಅಲ್ಲ! ಒಟ್ಟು ಎಷ್ಟು ಕ್ವಿಂಟಲ್ ಅಂತ ಹೇಳಿಲ್ಲ, ಹಾಗಾಗಿ ಇ ಅಂತ ಕೆಲವರು ಅನ್ನುತ್ತಾರೆ. ಸರಾಸರಿಗೆ ಅದು ಬೇಡ. ಮೂರು ಪಾಲು 50,000, ಒಂದು ಪಾಲು 35,000. ಸರಾಸರಿ 46,250. ನಾಲ್ಕು ಕ್ವಿಂಟಲ್ ಇದ್ದರೂ ಅಷ್ಟೇ, ನಲವತ್ತು ಇದ್ದರೂ ಅಷ್ಟೇ. ಉತ್ತರ ಸಿ. ಪರೀಕ್ಷೆಯಲ್ಲಿ 46,250 ಅನ್ನುವಷ್ಟು ದೂರವೂ ಹೋಗಬೇಡಿ. ಅನುಪಾತ ಸಿಕ್ಕಿತು, ಒಂದೇ ಉತ್ತರ ಬರುತ್ತದೆ ಅಂತ ತಿಳಿಯಿತು, ಅಲ್ಲಿಗೆ ಪೆನ್ನು ಕೆಳಗಿಡಿ.

ಸರಾಸರಿ ವೇಗವೂ ಹಾಗೇ. ಶಿವಮೊಗ್ಗದಿಂದ ಸಾಗರಕ್ಕೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 40ರಲ್ಲಿ ವಾಪಸ್ ಬಂದರೆ ಸರಾಸರಿ 48. ದೂರ ಎಷ್ಟು ಅಂತ ಎರಡನೇ ಹೇಳಿಕೆಯಲ್ಲಿ ಕೊಟ್ಟಿರುತ್ತಾರೆ. ಅದು ಬೇಕಾಗಿಲ್ಲ.

ಬರೀ ಸಂಖ್ಯೆಗಳ ಲೆಕ್ಕದಲ್ಲಿ ಅಪಾಯ ಬೇರೆ ತರಹದ್ದು. ಒಂದು ಸಂಖ್ಯೆಯ ವರ್ಗ ಆ ಸಂಖ್ಯೆಯ ಒಂಬತ್ತು ಪಟ್ಟಿಗೆ ಸಮ. ಆ ಸಂಖ್ಯೆ ಯಾವುದು? ಎರಡೂ ಕಡೆ ಹೊಡೆದು ಹಾಕಿ ಒಂಬತ್ತು ಅನ್ನುತ್ತೇವೆ. ಹೊಡೆದು ಹಾಕುವಾಗ ಸೊನ್ನೆಯನ್ನು ಕಳೆದುಕೊಂಡೆವು. ಸೊನ್ನೆಯ ವರ್ಗ ಸೊನ್ನೆ, ಅದರ ಒಂಬತ್ತು ಪಟ್ಟೂ ಸೊನ್ನೆ. ಎರಡು ಉತ್ತರ ಉಳಿದಿವೆ, ಸಾಲದು. ಎರಡನೇ ಹೇಳಿಕೆಯಲ್ಲಿ "ಆ ಸಂಖ್ಯೆ ಸೊನ್ನೆ ಅಲ್ಲ" ಅಂತ ಇದ್ದರೆ ಆಗ ಸಿ. ವರ್ಗ 16 ಅಂದರೆ ಋಣ 4 ಕೂಡ ಇದೆ ಅಂತ ಎಲ್ಲರಿಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ಆ ಹೊತ್ತಿಗೆ ನೆನಪಾಗುವುದು ಬೇರೆ.

ಅದಕ್ಕೇ ಈ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. "ಸಾಲದು" ಅಂತ ಸಾಬೀತು ಮಾಡಲು ಎರಡು ಉದಾಹರಣೆ ಸಾಕು. ಹೇಳಿಕೆಗೆ ಒಪ್ಪುವ ಎರಡು ಸಂಖ್ಯೆ ತೆಗೆದುಕೊಂಡು ಎರಡು ಬೇರೆ ಉತ್ತರ ತೋರಿಸಿದರೆ ಮುಗಿಯಿತು. ಆದರೆ "ಸಾಕು" ಅನ್ನಲು ಉದಾಹರಣೆ ಎಷ್ಟಿದ್ದರೂ ಸಾಲದು. 2 ಹಾಕಿದೆ, ಹೌದು ಬಂತು. 3 ಹಾಕಿದೆ, ಹೌದು ಬಂತು. 5 ಹಾಕಿದೆ, ಹೌದು. ಹಾಗಾಗಿ ಸಾಕು ಅನ್ನುವುದು ಬರೀ ನಂಬಿಕೆ. ಯಾಕೆ ಯಾವಾಗಲೂ ಹೌದು ಅನ್ನುವ ಕಾರಣ ಕೈಯಲ್ಲಿರಬೇಕು. ಜಲಾಶಯದ ಲೆಕ್ಕದಲ್ಲಿ ಆ ಕಾರಣ ಇತ್ತು, ಬರುವುದು ಹೋಗುವುದರ ಎರಡು ಪಟ್ಟಿಗಿಂತ ಜಾಸ್ತಿ ಅಂತ. ಉದಾಹರಣೆ ಹಾಕುವಾಗಲೂ ನಿಮಗೆ ಇಷ್ಟವಾದ ಸಂಖ್ಯೆ ಹಾಕಬೇಡಿ. ಮೊದಲನೆಯದು ಸುಲಭದ್ದು ಇರಲಿ. ಎರಡನೆಯದನ್ನು ಮೊದಲ ಉತ್ತರವನ್ನು ಮುರಿಯಬೇಕು ಅಂತಲೇ ಹುಡುಕಿ. ಸೊನ್ನೆ, ಒಂದು, ಋಣಸಂಖ್ಯೆ, ಭಿನ್ನರಾಶಿ. ಇವು ನಾಲ್ಕೂ ಮೊದಲು ನೆನಪಿಗೆ ಬರುವುದೇ ಇಲ್ಲ, ಪ್ರಶ್ನೆ ತಯಾರಿಸುವವರಿಗೆ ಅದು ಗೊತ್ತಿದೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಭಾಷೆಯ ಬಗ್ಗೆ ಹೆದರುತ್ತೀರಿ. ಹೆದರಬೇಡಿ. ಈ ಲೆಕ್ಕಗಳ ಇಂಗ್ಲಿಷ್ ತುಂಬಾ ಚಿಕ್ಕದು, ಕೆಲವೇ ಪದ ಮತ್ತೆ ಮತ್ತೆ ಬರುತ್ತವೆ. ಇಂಟೀಜರ್ ಅಂದರೆ ಸೊನ್ನೆಯೂ ಋಣಸಂಖ್ಯೆಗಳೂ ಸೇರಿದ ಪೂರ್ಣಾಂಕ. ಪಾಸಿಟಿವ್ ಅಂದರೆ ಸೊನ್ನೆ ಇಲ್ಲ. ನಾನ್‌ನೆಗೆಟಿವ್ ಅಂದರೆ ಸೊನ್ನೆ ಇದೆ. ಡಿಸ್ಟಿಂಕ್ಟ್ ಅಂದರೆ ಎಲ್ಲ ಬೇರೆ ಬೇರೆ. ಇನ್‌ಕ್ಲೂಸಿವ್ ಅಂದರೆ ಎರಡೂ ತುದಿ ಸೇರಿ. ಎಷ್ಟೋ ಲೆಕ್ಕದಲ್ಲಿ ಇಂಥ ಒಂದು ಪದ ಇದೆಯೋ ಇಲ್ಲವೋ ಅನ್ನುವುದರ ಮೇಲೇ ಉತ್ತರ ನಿಂತಿರುತ್ತದೆ. ಪ್ರಶ್ನೆಯ ಮೊದಲ ಸಾಲಿನಲ್ಲೇ ಅದನ್ನು ಗುರುತು ಮಾಡಿಕೊಳ್ಳಿ.

ಜಿಮ್ಯಾಟ್‌ನಲ್ಲಿ ಒಂದು ಅನುಕೂಲ ಇದೆ. ಎರಡೂ ಹೇಳಿಕೆ ನಿಜ, ಒಂದಕ್ಕೊಂದು ವಿರುದ್ಧ ಇರುವುದಿಲ್ಲ. ಮೊದಲನೆಯದರಿಂದ 5 ಬಂದು ಎರಡನೆಯದರಿಂದ 7 ಬಂದರೆ ನಿಮ್ಮ ಲೆಕ್ಕ ಎಲ್ಲೋ ತಪ್ಪಿದೆ, ತಿರುಗಿ ನೋಡಿ.

ಅಭ್ಯಾಸಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಯುಪಿಎಸ್‌ಸಿಯ ಹಳೆಯ ಪ್ರಶ್ನೆಪತ್ರಿಕೆಗಳು ಅವರ ವೆಬ್‌ಸೈಟಿನಲ್ಲೇ ಸಿಗುತ್ತವೆ. ಜಿಮ್ಯಾಟ್ ನಡೆಸುವವರೂ ಕೆಲವು ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತಾರೆ. ಶುರುವಿನಲ್ಲಿ ಗಡಿಯಾರ ಇಟ್ಟುಕೊಳ್ಳಬೇಡಿ. ತಪ್ಪಾದ ಲೆಕ್ಕದ ಪಕ್ಕದಲ್ಲಿ ಸರಿಯುತ್ತರ ಬರೆಯುವ ಬದಲು, ಲೆಕ್ಕದಲ್ಲಿ ಹೇಳದೇ ಇರುವ ಯಾವುದನ್ನು ನಾನು ಇದೆ ಅಂದುಕೊಂಡೆ ಅಂತ ಒಂದು ಸಾಲು ಬರೆಯಿರಿ. "ಪೂರ್ಣಾಂಕ ಅಂದುಕೊಂಡೆ." "ಮೊದಲ ಹೇಳಿಕೆಯನ್ನು ಎರಡನೆಯದಕ್ಕೆ ಎಳೆದುಕೊಂಡು ಬಂದೆ." ಸ್ವಲ್ಪ ದಿನದಲ್ಲೇ ನಿಮ್ಮದೇ ತಪ್ಪುಗಳ ಪಟ್ಟಿ ಕಣ್ಣಿಗೆ ಕಾಣುತ್ತದೆ. ಅದು ಯಾವ ಕೋಚಿಂಗ್ ಪುಸ್ತಕದಲ್ಲೂ ಇರುವುದಿಲ್ಲ, ಯಾಕೆಂದರೆ ಒಬ್ಬೊಬ್ಬರದು ಒಂದೊಂದು.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದರು. ಸಿಸ್ಯಾಟ್‌ನಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ, ಅರ್ಧ ಗೊತ್ತಿದ್ದರೆ ಗುರುತು ಹಾಕಬೇಕಾ, ಬಿಡಬೇಕಾ? ಒಳ್ಳೆಯ ಪ್ರಶ್ನೆ, ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಕೊಡಬಹುದು. ಒಟ್ಟು 80 ಪ್ರಶ್ನೆ, 200 ಅಂಕ. ಸರಿಯಾದರೆ 2.5, ತಪ್ಪಾದರೆ ಅದರ ಮೂರನೇ ಒಂದು ಭಾಗ, ಅಂದರೆ 0.83 ಹೋಗುತ್ತದೆ. ಪಾಸಾಗಲು 33 ಶೇಕಡಾ, ಅಂದರೆ 66 ಅಂಕ. ಏನೂ ಗೊತ್ತಿಲ್ಲದೆ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿದರೆ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದು ಹಾಕಿದರೆ ಪ್ರಶ್ನೆಗೆ ಸರಾಸರಿ 0.28 ಅಂಕ ಲಾಭ. ಎರಡನ್ನು ಹೊಡೆದು ಹಾಕಿದರೆ 0.83.

ಡೇಟಾ ಸಫಿಷಿಯನ್ಸಿಯಲ್ಲಿ ಒಂದೇ ಹೇಳಿಕೆಯನ್ನು ಸರಿಯಾಗಿ ತೀರ್ಮಾನ ಮಾಡಿದರೂ ಆಯ್ಕೆಗಳು ಕಳಚುತ್ತವೆ. ಸಿಸ್ಯಾಟ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಆಯ್ಕೆ: "ಒಂದು ಮಾತ್ರ ಸಾಕು, ಇನ್ನೊಂದು ಸಾಲದು", "ಯಾವುದಾದರೂ ಒಂದೇ ಸಾಕು", "ಎರಡೂ ಸೇರಬೇಕು", "ಎರಡೂ ಸೇರಿದರೂ ಸಾಲದು". ಮೊದಲನೆಯದು ಒಂದೇ ಸಾಕು ಅಂತ ಗೊತ್ತಾದರೆ "ಎರಡೂ ಸೇರಬೇಕು" ಅನ್ನುವುದೂ ಹೋಯಿತು, "ಎರಡೂ ಸೇರಿದರೂ ಸಾಲದು" ಅನ್ನುವುದೂ ಹೋಯಿತು. ಎರಡನೆಯದು ಅರ್ಥವೇ ಆಗದಿದ್ದರೂ ಗುರುತು ಹಾಕಿ. ಮೊದಲನೆಯದು ಸಾಲದು ಅಂತ ಮಾತ್ರ ಗೊತ್ತಾದರೆ, "ಯಾವುದಾದರೂ ಒಂದೇ ಸಾಕು" ಅನ್ನುವ ಆಯ್ಕೆ ಹೋಯಿತು. ಲಾಭ ಕಡಿಮೆ, ಆದರೂ ಇದೆ. ಜಿಮ್ಯಾಟ್‌ನಲ್ಲಿ ತಪ್ಪು ಉತ್ತರಕ್ಕೆ ಹೀಗೆ ಅಂಕ ಕಳೆಯುವುದಿಲ್ಲ, ಪ್ರಶ್ನೆ ಮುಗಿಸದೆ ಬಿಟ್ಟರೆ ಮಾತ್ರ ಪೆಟ್ಟು. ಅಲ್ಲಿ ಒಂದನ್ನೂ ಖಾಲಿ ಬಿಡಬೇಡಿ.